ಬೂದರಸನಿಗೆ ನಾನು ಪಟ್ಟ ಕಟ್ಟಿದ್ದು

ನಾನು ಎರಡು ಸಲ ನಿವೃತ್ತನಾದವನು. ಮೊದಲನೆಯದು ಸರ್ವೆ ಕೆಲಸದಿಂದ. ಆಗ ಹಾರ, ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ಮನೆಗೆ ತರುವಷ್ಟರಲ್ಲಿ ನಿಂತಿತ್ತು. ಎರಡನೆಯದು ಹೋದ ತಿಂಗಳು, ಒಂದು ಕಂಪ್ಯೂಟರ್ ಆಟದ ಕೆಲಸದಿಂದ. ಅದಕ್ಕೆ ಹಾರವೂ ಇಲ್ಲ, ಭಾಷಣವೂ ಇಲ್ಲ. ಇನ್ನು ನನ್ನಿಂದ ಆಗುವುದಿಲ್ಲ ಎಂದು ನಯನಾ ಮೇಡಂಗೆ ಎರಡು ಸಾಲು ಬರೆದೆ. ಅವರು, "ಆಯ್ತು ಅಂಕಲ್, ಆದ್ರೆ ಹೊಸಬರು ನಾಲ್ಕು ಜನ ಬಂದಿದ್ದಾರೆ, ಕೆಲಸ ಹೇಗಿರುತ್ತೆ ಅಂತ ಅವ್ರಿಗೆ ಬರೆದುಕೊಟ್ಟು ಹೋಗಿ" ಎಂದರು. ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯ ಮೇಲೆ ಸರ್ವೆ ತರಬೇತಿ, ಅಷ್ಟೇ ನನ್ನ ಓದು. ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಆಟ ಗೊತ್ತಿಲ್ಲದೆ ಇದನ್ನು ಓದುವವರಿಗೆ ಎರಡು ಮಾತು. ಪರದೆಯ ಮೇಲೆ ಪ್ರಪಂಚದ ನಕ್ಷೆ ಇರುತ್ತದೆ. ಒಂದು ರಾಜ್ಯ ಆರಿಸಿಕೊಂಡು ನೂರಾರು ವರ್ಷ ಆಳಬೇಕು. ಯುದ್ಧ, ಸಂಧಿ, ಮದುವೆ, ದಂಗೆ ಎಲ್ಲಾ ಉಂಟು. ಕಂಪನಿಯವರು ಕೊಟ್ಟ ಆಟ ಯಾವುದೋ ಒಂದು ವರ್ಷಕ್ಕೆ ಶುರುವಾಗಿ ಇನ್ಯಾವುದೋ ವರ್ಷಕ್ಕೆ ನಿಂತುಬಿಡುತ್ತದೆ. ಅದಕ್ಕಿಂತ ಹಿಂದೆಯೂ ಜನ ಇದ್ದರು, ಮುಂದೆಯೂ ಇರುತ್ತಾರೆ ಎಂದು ಹಟ ಹಿಡಿದ ಕೆಲವರು ಬೇರೆ ಬೇರೆ ದೇಶಗಳಲ್ಲಿ ಕೂತು ಆಟದ ಕಾಲವನ್ನು ಎರಡೂ ಕಡೆಗೆ ಎಳೆಯುತ್ತಾರೆ. ಸಂಬಳ ಇಲ್ಲ. ಹಿಂದಕ್ಕೆ ಎಳೆದ ಪ್ರತಿ ವರ್ಷಕ್ಕೂ ನಕ್ಷೆಯ ಪ್ರತಿ ತುಂಡಿಗೂ ಒಬ್ಬ ಒಡೆಯ ಬೇಕು. ಅವನಿಗೊಂದು ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಬೇಕು, ಇದನ್ನೆಲ್ಲಾ ಎಲ್ಲಿಂದ ತಂದಿರಿ ಎಂಬುದಕ್ಕೆ ಆಧಾರ ಬೇಕು. ನಮ್ಮ ಶಿಕಾರಿಪುರ, ಸೊರಬದ ಕಡೆಯ ತುಂಡುಗಳನ್ನು ಒಂಬತ್ತು ವರ್ಷ ನೋಡಿಕೊಂಡವರು ನಾನು ಮತ್ತು ನನ್ನ ಭಾವ.

ಭಾವ ಈಗಿಲ್ಲ. ಹೋಗಿ ಒಂದು ವರ್ಷವಾಯಿತು. ವರ್ಷದ ಪುಣ್ಯಸ್ಮರಣೆಗೆಂದು ನನ್ನ ಅಕ್ಕ ಒಂದು ಪುಸ್ತಿಕೆ ಅಚ್ಚು ಹಾಕಿಸಲು ಹೊರಟಿದ್ದಳು. ಅದರ ಮೊದಲ ಪುಟದಲ್ಲೇ, ಭಾವನ ಫೋಟೊದ ಕೆಳಗೆ, 'ಬೂದರಸನೆಂಬ ಅರಸನನ್ನು ಬೆಳಕಿಗೆ ತಂದವರು' ಎಂದು ಬರೆಸಿದ್ದಳು. ಬೂದರಸನೆಂಬ ಅರಸ ಯಾವತ್ತೂ ಇರಲಿಲ್ಲ. ಅವನನ್ನು ಹುಟ್ಟಿಸಿದವನು ನಾನು. ಭಾವ ಅದನ್ನು ತಿಳಿಯದೆಯೇ ಹೋದರು. ಪುಸ್ತಿಕೆ ಅಚ್ಚಾಗುವುದರೊಳಗೆ ಅಕ್ಕನ ಮುಂದೆ ಬಾಯಿ ಬಿಡಬೇಕಿತ್ತು. ಈ ಕೆಲಸದ ಬಗ್ಗೆ ಹೊಸಬರಿಗೆ ಹೇಳಲು ನನ್ನ ಹತ್ತಿರ ಇರುವುದು ಮುಖ್ಯವಾಗಿ ಇದೊಂದೇ. ಉಳಿದದ್ದು ಅದರ ಹಿಂದುಮುಂದು.

ಭಾವ ಜಡೆಯವರು. ಸೊರಬ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾಗಿ ಶಿಕಾರಿಪುರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಮನೆ ಮಾಡಿದ್ದರು. ನಯನಾ ಮೇಡಂ ಅವರ ಹಳೆಯ ವಿದ್ಯಾರ್ಥಿನಿ, ಈಗ ದಾವಣಗೆರೆಯಲ್ಲಿ ಕಾಲೇಜು ಮೇಡಂ. ಗುರುಗಳನ್ನು ಮಾತನಾಡಿಸಲು ಬಂದವರು ಲ್ಯಾಪ್‌ಟಾಪು ತೆಗೆದು ಈ ಆಟ ತೋರಿಸಿದರು. ಭಾವ ಕನ್ನಡಕ ಹಣೆಗೇರಿಸಿ ಐದು ನಿಮಿಷ ನೋಡಿದರು.

"ಎಂತ ಮಾರಾಯ್ತಿ ಇದು? ವರದಾ ನದಿ ಎಲ್ಲಿ?"

"ಅಷ್ಟು ಸಣ್ಣದೆಲ್ಲಾ ಹಾಕಲ್ಲ ಸರ್."

"ವರದಾ ಸಣ್ಣದಾ? ನಿಂಗೆ ಎಷ್ಟು ಮಾರ್ಕ್ಸ್ ಕೊಟ್ಟಿದ್ದೆ ನಾನು?"

"ಎಂಬತ್ತೆಂಟು."

"ವಾಪಸ್ ಕೊಡು."

ಅಷ್ಟು ಗೊತ್ತಿದ್ದರೆ ನೀವೇ ಹಾಕಿ ಎಂದು ಮೇಡಂ ಕೆಲಸ ಹಚ್ಚಿ ಹೋದರು. ನಕ್ಷೆ ಎಂದ ಮೇಲೆ ಸರ್ವೆಯವನು ಬೇಕಲ್ಲ, ನನಗೆ ಕರೆ ಬಂತು. ನಮ್ಮ ಎರಡು ತಾಲ್ಲೂಕು ಸೇರಿ ಕಂಪನಿಯವರ ನಕ್ಷೆಯಲ್ಲಿ ಮುಕ್ಕಾಲು ತುಂಡೂ ಆಗಿರಲಿಲ್ಲ. ಮೇಡಂ ಮೂರು ತುಂಡು ಮಂಜೂರು ಮಾಡಿದರು. ಮೂರು ತುಂಡಿನ ನಡುವೆ ಎರಡು ಗೆರೆ. ಆ ಎರಡು ಗೆರೆಗೆ ನಮಗೆ ಒಂದೂವರೆ ತಿಂಗಳು ಹಿಡಿಯಿತು.

"ಸೊರಬ ಇಷ್ಟು ಈಚೆಗೆ ಬರಲ್ಲ ಭಾವ. ಉಡುತಡಿ ನಮ್ದು."

"ನಿನ್ನ ಸರ್ವೆ ಚೈನು ಜಗ್ಗಿ ಜಗ್ಗಿ ಉದ್ದ ಆಗೈತೆ ಕಣೋ ಈರಣ್ಣ. ಕುಬಟೂರನ್ನೂ ನುಂಗ್ತೀಯ ನೀನು."

ಅಕ್ಕ ಅಡುಗೆಮನೆಯಿಂದ, "ಸತ್ತು ಸಾವಿರ ವರ್ಷ ಆದೋರ ಜಮೀನಿಗೆ ಇಬ್ರೂ ಹೊಡೆದಾಡ್ತೀರಲ್ಲ, ನಾಚ್ಕೆ ಆಗಲ್ವಾ? ಊಟಕ್ಕೆ ಏಳ್ರಿ" ಎಂದಳು. ಊಟವಾದ ಮೇಲೆ ಗೆರೆ ಎರಡೇ ನಿಮಿಷದಲ್ಲಿ ಬಿತ್ತು. ಹೊಸಬರು ಗಮನಿಸಬೇಕಾದದ್ದು: ಹಸಿದ ಹೊಟ್ಟೆಯಲ್ಲಿ ಗಡಿ ಎಳೆಯಬೇಡಿ.

ಮುಂದಿನ ಅನಾಹುತ ಸಂವತ್ಸರದ್ದು. ಎಲ್ಲಾ ಶಾಸನದಲ್ಲೂ ಶಕವರ್ಷ ಇರುವುದಿಲ್ಲ. ಕೆಲವುಗಳಲ್ಲಿ ಸಂವತ್ಸರದ ಹೆಸರು ಮಾತ್ರ. ಸಂವತ್ಸರಗಳು ಅರವತ್ತೇ, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ನಾನು ಒಂದು ಮನೆತನದಲ್ಲಿ ಒಂದು ಸುತ್ತು ತಪ್ಪಿದೆ. ಅಜ್ಜ ಹುಟ್ಟುವ ಮೊದಲೇ ಮೊಮ್ಮಗ ಪಟ್ಟಕ್ಕೆ ಬಂದ. ಯಂತ್ರ ಒಂದು ಮಾತೂ ಆಡದೆ ಒಪ್ಪಿಕೊಂಡಿತು. ಮೊಮ್ಮಗ ಚೆನ್ನಾಗಿ ಆಳಿ, ಮಕ್ಕಳಿಲ್ಲದೆ ತೀರಿಕೊಂಡು, ರಾಜ್ಯ ಅಜ್ಜನಿಗೆ ಹೋಯಿತು.

ಭಾವ ಓದಿ ಕನ್ನಡಕ ತೆಗೆದಿಟ್ಟರು. "ಈರಣ್ಣ, ಇಷ್ಟು ವರ್ಷ ಇದನ್ನೇ ಮಾಡಿದ್ದೇನೋ ನೀನು? ಮೊಮ್ಮಗನ ಖಾತೆ ಅಜ್ಜನ ಹೆಸರಿಗೆ?"

ಆಮೇಲೆ ದನಗಳ ಪ್ರಕರಣ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಅರ್ಧಕ್ಕರ್ಧ ದನದ ಜಗಳದವು. ಪಕ್ಕದ ಊರಿನವರು ದನ ಹೊಡೆದುಕೊಂಡು ಹೋಗುತ್ತಾರೆ, ಈ ಊರಿನವನೊಬ್ಬ ಬಿಡಿಸಿಕೊಂಡು ಬರಲು ಹೋಗಿ ಸಾಯುತ್ತಾನೆ, ಅವನಿಗೊಂದು ಕಲ್ಲು. ಇದು ಆಟದಲ್ಲಿ ಬರಲೇಬೇಕೆಂದು ಭಾವ ಪಟ್ಟು ಹಿಡಿದರು. ಬರೆದೆ. ಮೂವತ್ತು ವರ್ಷಕ್ಕೊಮ್ಮೆ ಎಂದು ಹಾಕುವ ಕಡೆ ಮೂವತ್ತು ದಿನಕ್ಕೊಮ್ಮೆ ಎಂದು ಬಿತ್ತು.

ನಮ್ಮ ಕೆಲಸದಲ್ಲಿ 'ಬಿಟ್ಟು ನೋಡುವುದು' ಎಂದು ಒಂದಿದೆ. ಯಾರೂ ಆಡದೆ ಆಟವನ್ನು ಅದರ ಪಾಡಿಗೆ ಬಿಟ್ಟು, ಮೊದಲಿಂದ ಕೊನೆಯ ತನಕ ರಾಜ್ಯಗಳು ತಾವೇ ಏನು ಮಾಡಿಕೊಳ್ಳುತ್ತವೆ ಎಂದು ನೋಡುವುದು. ಬೆಳಿಗ್ಗೆ ತಿಂಡಿ ಹೊತ್ತಿಗೆ ಹಚ್ಚಿದರೆ ಸಂಜೆ ಚಹಾಕ್ಕೆ ಮುಗಿಯುತ್ತದೆ. ಅಕ್ಕ ಅಕ್ಕಿ ಆರಿಸುತ್ತಾ ಧಾರಾವಾಹಿಯಂತೆ ನೋಡುತ್ತಿದ್ದಳು. ಅವತ್ತು ಚಕ್ರವರ್ತಿಗಳಿಂದ ಹಿಡಿದು ಸಾಮಂತರ ತನಕ ಯಾರೂ ಒಂದು ಕೆರೆ ಕಟ್ಟಲಿಲ್ಲ, ಒಂದು ಗುಡಿ ಕಟ್ಟಲಿಲ್ಲ. ಇಡೀ ದಕ್ಷಿಣ ದೇಶ ಏಳುನೂರು ವರ್ಷ ಒಬ್ಬರ ದನ ಒಬ್ಬರು ಹೊಡೆದುಕೊಂಡು ತಿರುಗಿತು.

"ಇವ್ರಿಗೆ ಬೇರೆ ಕಸುಬೇ ಇಲ್ಲೇನ್ರೀ?" ಎಂದಳು ಅಕ್ಕ.

"ಸುಮ್ನಿರೆ. ಇಷ್ಟು ಸರಿಯಾದ ಇತಿಹಾಸ ನಾನು ಯಾವ ಪುಸ್ತಕದಲ್ಲೂ ಓದಿಲ್ಲ" ಎಂದರು ಭಾವ.

ಮೊದಲ ವರ್ಷಗಳಲ್ಲಿ ಕೆಲಸ ಕೈಯದ್ದು. ಭಾವ ಹಳೆಯ ಪರೀಕ್ಷೆಯ ಉತ್ತರ ಹಾಳೆಗಳ ಖಾಲಿ ಬೆನ್ನಿನ ಮೇಲೆ ಬರೆಯುವರು, ನಾನು ಎರಡು ಬೆರಳಲ್ಲಿ ಹೊಡೆಯುವೆ, ಮೇಡಂಗೆ ಮೇಲ್ ಹೋಗುವುದು. ಯಾವ ಸಾಲು ಯಾರದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಪದ್ಧತಿ ಬೇರೆ. ಒಂದು ಅಕ್ಷರ ತಿದ್ದಿದರೂ ಇಂಥವರು ಇಂಥ ದಿನ ತಿದ್ದಿದರು ಎಂದು ಅಲ್ಲೇ ಕೂರುತ್ತದೆ. ಈಚೆಗಂತೂ ಕೇಳಿದ ಕೂಡಲೇ ರಾಜರ ಪಟ್ಟಿ ಬರೆದುಕೊಡುವ ಯಂತ್ರಗಳೂ ಬಂದಿವೆಯಂತೆ. ಗೊತ್ತಿಲ್ಲದ ರಾಜನನ್ನೂ ಧೈರ್ಯವಾಗಿ ಹೇಳುತ್ತವಂತೆ. ಅದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ಆ ಕೆಲಸ ನಾನು ಕೈಯಲ್ಲೇ ಮಾಡಿದ್ದೆ.

ಮೂರನೆಯ ತುಂಡಿನಲ್ಲಿ, ಕುಬಟೂರಿನ ಆಚೆಯ ಸೀಮೆಗೆ, ನಲವತ್ತೊಂದು ವರ್ಷ ಖಾಲಿ ಬಿದ್ದಿತ್ತು. ಹಿಂದಿನವರು ಹೋಗಿದ್ದಾರೆ, ಮುಂದಿನವರು ಬಂದಿಲ್ಲ. ನಡುವೆ ಯಾರು ಎಂಬುದಕ್ಕೆ ನಮಗೆ ಕಲ್ಲೂ ಸಿಗಲಿಲ್ಲ, ತಾಮ್ರಪಟವೂ ಸಿಗಲಿಲ್ಲ. ಭಾವ, ಖಾಲಿ ಬಿಡು ಎಂದರು. ಬಿಟ್ಟೆ. ಈ ಆಟದಲ್ಲಿ ಒಡೆಯನಿಲ್ಲದ ಜಾಗ ಎಂದರೆ ಯಾರು ಬೇಕಾದರೂ ಬಂದು ನೆಲೆ ಹೂಡಬಹುದಾದ ಜಾಗ ಎಂದು ನಮಗೆ ಗೊತ್ತಿರಲಿಲ್ಲ. ಬಿಟ್ಟು ನೋಡಿದಾಗ ಗ್ರೀಕರು ಹಡಗಿನಲ್ಲಿ ಬಂದು, ಕರಾವಳಿಯಲ್ಲಿ ಇನ್ಯಾರೋ ಖಾಲಿ ಬಿಟ್ಟಿದ್ದ ತುಂಡು ಹಿಡಿದು, ಘಟ್ಟ ಹತ್ತಿ ನೇರ ನಮ್ಮ ಸೀಮೆಗೆ ಬಂದು ಕೂತರು.

"ಅಯ್ಯೋ, ಇವ್ರು ಯಾರ್ರೀ? ಜಡೆ ಕಡೆ ಹೊಂಟಾರೆ!" ಎಂದಳು ಅಕ್ಕ.

"ನಿಮ್ಮ ಊರಿಗೆ ಬೀಗರು ಬಂದ್ರು ಭಾವ, ಎದ್ದು ನೀರು ಕೊಡ್ರಿ" ಎಂದೆ ನಾನು.

ಭಾವ ನಗಲಿಲ್ಲ. "ಬರ್ಲಿ. ಬಂದ್ರೆ ಆಟದ ತಪ್ಪು. ಇಲ್ಲದ ರಾಜನ್ನ ಹಾಕಿದ್ರೆ ನಮ್ಮ ತಪ್ಪು" ಎಂದರು.

ಆ ವಾರವೇ ಅವರ ಕಣ್ಣಿನ ಪೊರೆ ತೆಗೆಸಿದೆವು. ಹದಿನೈದು ದಿನ ಪರದೆ ನೋಡುವಂತಿಲ್ಲ. ಅತ್ತ ನಯನಾ ಮೇಡಂ, ಸೋಮವಾರದೊಳಗೆ ಗ್ರೀಕರನ್ನು ಎಬ್ಬಿಸದಿದ್ದರೆ ನಿಮ್ಮ ಮೂರೂ ತುಂಡು ಬಿಟ್ಟು ಹೊಸ ಆವೃತ್ತಿ ಹೋಗುತ್ತದೆ ಎಂದು ಬರೆದರು. ನನಗೆ ನೌಕರಿಯ ಶುರುವಿನಲ್ಲಿ ಕೆಲಸ ಕಲಿಸಿದ ಸೂಪರ್‌ವೈಸರ್ ಒಬ್ಬರಿದ್ದರು. ಕಾಲಂ ಖಾಲಿ ಇದ್ದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ, ಏನಾದರೊಂದು ತುಂಬಿದ್ದರೆ ಯಾರೂ ಓದುವುದಿಲ್ಲ ಎಂಬುದು ಅವರ ಇಡೀ ಶಾಸ್ತ್ರ. ಅದು ನನ್ನ ಕೈಯಲ್ಲಿ ಇಳಿದುಹೋಗಿತ್ತು.

ಭಾನುವಾರ ಬೆಳಿಗ್ಗೆ ಒಬ್ಬನೇ ಕೂತೆ. ಸರ್ವೆಯಲ್ಲಿ ನನ್ನ ಜೊತೆ ಅಳತೆಯ ಚೈನು ಹಿಡಿಯುತ್ತಿದ್ದ ಬೂದೆಪ್ಪನ ನೆನಪಾಯಿತು. ಆರಡಿ ಆಳು, ದೊಡ್ಡ ಮೀಸೆ, ಕೈಯಲ್ಲಿ ಸದಾ ಕೊಡೆ. ಎರಡು ಹೊಲದವರು ಕುಡುಗೋಲು ಎತ್ತಿಕೊಂಡು ನಿಂತಿದ್ದರೆ ನಡುವೆ ಹೋಗಿ ಇಬ್ಬರಿಗೂ ಎಲೆ ಅಡಿಕೆ ಕೊಟ್ಟು ಕೂರಿಸುತ್ತಿದ್ದ. ಯುದ್ಧಕ್ಕೆ ಮಾತ್ರ ಆಗದವನು, ನಾಯಿ ಬೊಗಳಿದರೆ ನನ್ನ ಹಿಂದೆ ಬರುತ್ತಿದ್ದ. ಹೆಸರು: ಬೂದರಸ. ಆಳಿದ್ದು: ನಲವತ್ತೊಂದು ವರ್ಷ. ಆರಕ್ಕೆ ಕೊಡುವ ಅಂಕಗಳಲ್ಲಿ ಆಡಳಿತ ಐದು, ರಾಜತಂತ್ರ ಆರು, ಯುದ್ಧ ಒಂದು. ಆಧಾರ ಎಂಬ ಕಾಲಂ ಬಂತು. 'ವೀರಗಲ್ಲು, ಜಡೆ ಕಡೆ, ಅಪ್ರಕಟಿತ' ಎಂದು ಬರೆದೆ. ಕಳಿಸಿ ಚಹಾ ಕುಡಿದೆ.

ಗ್ರೀಕರು ಬರಲಿಲ್ಲ. ಬೂದರಸ ಯಾರ ಮೇಲೂ ದಂಡೆತ್ತಿ ಹೋಗದೆ, ಸುತ್ತಲಿನ ಎಲ್ಲರ ಜೊತೆ ಬೀಗತನ ಬೆಳೆಸಿ ಸುಖವಾಗಿ ಆಳಿದ. ಎಲ್ಲೆಲ್ಲಿಯವರೋ ಅವನನ್ನು ಆರಿಸಿಕೊಂಡು ಆಡತೊಡಗಿದರು. ಮೇಡಂ ಅವನಿಗೆ ನಾನು ಹೇಳಿದಂಥ ಮೀಸೆ ಇಟ್ಟು ಒಂದು ಚಿತ್ರ ಬರೆಸಿದರು.

ಭಾವ ಕಣ್ಣಿನ ಪಟ್ಟಿ ಬಿಚ್ಚಿ ಬಂದು ಓದಿದ ದಿನ ನಾನು ಅಲ್ಲೇ ಇದ್ದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

"ಅಪ್ರಕಟಿತ! ಎಲ್ಲಿ ನೋಡಿದ್ಯೋ?"

"ಸರ್ವೆಗೆ ಹೋದಾಗ ಭಾವ. ಬಹಳ ಹಿಂದೆ. ಜಾಗ ಸರಿಯಾಗಿ ನೆನಪಿಲ್ಲ."

"ನೆನಪಿಲ್ಲ ಅಂದ್ರೆ ಹುಡುಕೋಣ. ಎಂತ ಕೆಲ್ಸ ಐತೆ ನಮಗೆ?"

ಮೂರು ವರ್ಷ ಹುಡುಕಿದರು. ವಾರಕ್ಕೆ ಎರಡು ದಿನ ಜಡೆಯ ಬಸ್ಸು ಹತ್ತುವುದು, ಯಾವುದಾದರೊಂದು ಊರಿನಲ್ಲಿ ಇಳಿಯುವುದು, ಹೊಲದ ಬದು, ಕೆರೆ ಏರಿ, ಗುಡಿಯ ಹಿಂದೆ ಎಲ್ಲಾ ನಡೆಯುವುದು. ಚೀಲದಲ್ಲಿ ಒಂದು ಡಬ್ಬಿ ಹಿಟ್ಟು. ಸವೆದ ಕಲ್ಲಿಗೆ ಹಿಟ್ಟು ಸವರಿ ಮೇಲೆ ಒರೆಸಿದರೆ ಅಕ್ಷರದ ಗೆರೆಯೊಳಗೆ ಹಿಟ್ಟು ನಿಂತು ಓದಲು ಬರುತ್ತದೆ. ಅಕ್ಕ, "ಮನೆ ಮಂದಿಗೆ ರೊಟ್ಟಿ ಇಲ್ಲ, ಕಲ್ಲಿಗೆ ಹಚ್ತಾರೆ" ಎಂದು ಗೊಣಗಿಕೊಂಡೇ ಡಬ್ಬಿ ತುಂಬಿ, ಬುತ್ತಿ ಕಟ್ಟುತ್ತಿದ್ದಳು. ಹನ್ನೊಂದು ಸಲ ನಾನೂ ಜೊತೆಗೆ ಹೋಗಿದ್ದೇನೆ. ನಾನೇ ಹುಟ್ಟಿಸಿದ ಕಲ್ಲನ್ನು ನಾನೇ ಬಗ್ಗಿ ಬಗ್ಗಿ ಹುಡುಕಿದ್ದೇನೆ.

ಒಂದು ಸಲ ಮೋರಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ಸುತ್ತ ಯಾರೂ ಇರಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಭಾವ, "ಊರು ನೆನಪಿಲ್ಲ ಅಂದ್ರೆ ಹೋಗ್ಲಿ ಬಿಡು. ದಾರಿಯ ಎಡಕ್ಕಿತ್ತಾ, ಬಲಕ್ಕಿತ್ತಾ, ಅಷ್ಟಾದ್ರೂ ಹೇಳು" ಎಂದರು.

"ಎಡಕ್ಕೆ" ಎಂದೆ.

ಅವತ್ತಿನಿಂದ ಅವರು ಎಲ್ಲಾ ಊರಿನ ಎಲ್ಲಾ ದಾರಿಯ ಎಡಗಡೆ ಹುಡುಕಿದರು. ವಾಪಸ್ ಬರುವಾಗ ಆಚೆ ಬದಿ ಎಡವಾಗುತ್ತಿದ್ದರಿಂದ ಒಟ್ಟಿನಲ್ಲಿ ಯಾವುದೂ ಬಿಟ್ಟುಹೋಗಲಿಲ್ಲ.

ಕೊನೆಗೆ ಕಲ್ಲು ಸಿಕ್ಕಿತು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಕೊಟ್ಟಿಗೆಯ ಹಿಂದೆ, ದನಗಳು ಮೈ ತಿಕ್ಕಿ ನುಣ್ಣಗೆ ಮಾಡಿದ ವೀರಗಲ್ಲು. ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ದೇವಲೋಕದ ಹೆಂಗಸರು, ಮೇಲೆ ಲಿಂಗ. ಅಕ್ಷರದ ಪಟ್ಟಿ ಮುಕ್ಕಾಲು ಹೋಗಿತ್ತು. ಭಾವ ಹಿಟ್ಟು ಸವರಿದರು, ಒರೆಸಿದರು, ಮೂಗು ತಾಗುವಷ್ಟು ಹತ್ತಿರ ಹೋದರು.

"ಬೂ... ಈರಣ್ಣ, ನೋಡು. ಬೂ. ಇಲ್ಲಿ ರ, ಸ. ನೋಡೋ!"

ನಾನು ನೋಡಿದೆ. ಮೊದಲನೆಯದು ಬೂ ಆಗಿರಬಹುದು, ದನದ ಕೊಂಬು ಗೀರಿದ್ದೂ ಆಗಿರಬಹುದು. ಉಳಿದದ್ದು ನನಗೆ ಕಾಣಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ, ಒಂದು ಕೊಂಬು ದೀರ್ಘಕ್ಕೆ ನಾಲ್ಕು ಪುಸ್ತಕ ತೆಗೆದು ನೋಡುತ್ತಿದ್ದ ಮನುಷ್ಯನಿಗೆ ಕಾಣುತ್ತಿತ್ತು. ಏಕೆಂದರೆ ನಾನು ಇದೆ ಎಂದಿದ್ದೆ.

"ಆದ್ರೆ ಇದು ಬಲಕ್ಕೆ ಐತಲ್ಲೋ" ಎಂದವರು ಒಂದು ಕ್ಷಣ ಯೋಚಿಸಿ, "ನೀನು ಆ ಕಡೆಯಿಂದ ಬಂದಿದ್ದೆ ಅಂತ ಕಾಣ್ತದೆ" ಎಂದು ನನ್ನ ಸುಳ್ಳಿಗೆ ತಾವೇ ತೇಪೆ ಹಾಕಿದರು.

ಆ ಊರಿನವರು ಕಲ್ಲನ್ನು ತೊಳೆದು ಗುಡಿಯ ಮುಂದೆ ತಂದು ನಿಲ್ಲಿಸಿದರು. ಬೂದರಸ ಯುವಕ ಸಂಘ ಎಂದು ಬೋರ್ಡು ಬಿತ್ತು. ಬೂದರಸ ಟ್ರೋಫಿ ಎಂದು ಕ್ರಿಕೆಟ್ ನಡೆಯಿತು. ಬ್ಯಾನರಿನಲ್ಲಿ ಮೇಡಂ ಬರೆಸಿದ ಚಿತ್ರ, ಎಂದರೆ ಚೈನು ಹಿಡಿಯುವ ಬೂದೆಪ್ಪನ ಮೀಸೆ. ಬಹುಮಾನ ಕೊಡಲು ಭಾವನನ್ನು ಕರೆದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅವರ ಮದುವೆಯಲ್ಲೂ ನೋಡಿರಲಿಲ್ಲ.

ಬೂದರಸನದು ಇನ್ನೊಂದು ಕಲ್ಲು ಇರಬಹುದೆಂದು ಹೋದ ವರ್ಷ ಒಂದು ಬೆಳಿಗ್ಗೆ ಮತ್ತೆ ಆ ಜಡೆಯ ಬಸ್ಸಿಗೇ ಕಾಯುತ್ತಾ ಕೂತಿದ್ದರು. ಕೂತಲ್ಲೇ ಹೋದರು. ಬಸ್ ಸ್ಟ್ಯಾಂಡಿನವರು ನನಗೆ ಫೋನ್ ಮಾಡಿದರು. ನಾನು ಹೋದಾಗ ಚೀಲ ಮಡಿಲಲ್ಲೇ ಇತ್ತು. ಡಬ್ಬಿಯ ಮುಚ್ಚಳ ಸಡಿಲಾಗಿ ಪಂಚೆಯ ಮೇಲೆಲ್ಲಾ ಹಿಟ್ಟು ಚೆಲ್ಲಿತ್ತು. ನಾನು ಮೊದಲು ಅದನ್ನು ಕೊಡವಿದೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದೆ.

ಒಂದು ವರ್ಷ ಈ ಕೆಲಸದ ಮುಂದೆ ಕೂತೆ, ಆದರೆ ಏನೂ ಮಾಡಲಿಲ್ಲ. ಗಡಿಯ ಬಗ್ಗೆ ಜಗಳವಾಡಲು ಯಾರೂ ಇಲ್ಲದಿದ್ದರೆ ನಕ್ಷೆ ಬರೀ ಬಣ್ಣ. ಅಷ್ಟರಲ್ಲಿ ಅಕ್ಕ ಪುಸ್ತಿಕೆಯ ಕರಡು ತಂದು ನನ್ನ ಕೈಗೆ ಕೊಟ್ಟಳು. "ಪ್ರೆಸ್ಸಿನವ್ರು ಗುರುವಾರ ಅಚ್ಚಿಗೆ ಹಾಕ್ತಾರಂತೆ. ತಪ್ಪಿದ್ರೆ ನೋಡು." ಮೊದಲ ಪುಟ ತೆರೆದೆ, ಆ ಸಾಲು ಇತ್ತು. ಆ ಊರಿನವರು ಭಾವನ ಹೆಸರಿನಲ್ಲಿ ಕಲ್ಲಿನ ಪಕ್ಕ ಒಂದು ಫಲಕವನ್ನೂ ಹಾಕಿಸುತ್ತಾರಂತೆ, ಅದರಲ್ಲೂ ಅದೇ ಸಾಲು.

ಮಂಗಳವಾರ ಹೋಗಿ ಹೇಳದೆ ಬಂದೆ. ಬುಧವಾರ ಬೆಳಿಗ್ಗೆ ಹೋದೆ. ಅಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕ, ಅದರಾಗೆ ಒಂದು ತಪ್ಪೈತೆ."

"ಯಾವ ಪುಟ?"

"ಮೊದಲ್ನೇದು. ಬೂದರಸ."

"ದೀರ್ಘ ಬೇಡ್ವಾ?"

"ಬೂದರಸನೇ ಬೇಡ. ಅಂಥ ರಾಜ ಇರ್ಲಿಲ್ಲ. ಭಾವ ಕಣ್ಣಿಗೆ ಪಟ್ಟಿ ಕಟ್ಕೊಂಡಿದ್ದಾಗ ನಾನು ಹುಟ್ಟಿಸಿ ಬರೆದೆ. ಕಲ್ಲೂ ಸುಳ್ಳು."

ಅಕ್ಕ ತೊಳೆಯುತ್ತಿದ್ದ ತಟ್ಟೆಯನ್ನು ಮೂರು ಸಲ ತೊಳೆದಳು. ಆಮೇಲೆ ಕೇಳಿದಳು.

"ನೀನೂ ಹುಡುಕಾಕೆ ಹೋಗ್ತಿದ್ದೆಲ್ಲ?"

"ಹೋಗ್ತಿದ್ದೆ."

"ಎಷ್ಟು ಸಲ?"

"ಹನ್ನೊಂದು."

"ಹನ್ನೊಂದು ಸಲ ನನ್ನ ಬುತ್ತಿ ಉಂಡ್ಕೊಂಡು, ಇಲ್ಲದ ಕಲ್ಲನ್ನ ಅವ್ರ ಜೊತೆ ಹುಡುಕಿ ಬಂದ್ಯಾ?"

ಅವಳು ಎದ್ದು ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆ. ಕರಡನ್ನೂ ಒಂದು ಪೆನ್ನನ್ನೂ ಹಿಡಿದು ಹೊರಬಂದಳು.

"ನಿನ್ನ ರಾಜ ಸುಳ್ಳಿರಬಹುದು ಈರ. ಅವ್ರ ಶುಗರ್ ಇಳಿದದ್ದು ನಿಜ. ಆ ಮೂರು ವರ್ಷ ನಡೆದು ನಡೆದು ಡಾಕ್ಟ್ರು ಒಂದು ಗುಳಿಗೆ ಕಮ್ಮಿ ಮಾಡಿದ್ರು. ಅದಕ್ಕೆ ನಿನ್ನ ಬಿಟ್ಟೀನಿ." ಆ ಸಾಲಿನ ಮೇಲೆ ಗೆರೆ ಎಳೆದಳು. ಒಂದಲ್ಲ, ಕಾಗದ ಹರಿಯುವ ಹಾಗೆ ನಾಲ್ಕು. "ಆದ್ರೆ ಅವ್ರು ತಪ್ಪು ಓದಿದ್ರು ಅಂತ ನಾಳೆ ಯಾರೂ ನಗಬಾರ್ದು. ತಪ್ಪು ಯಾರದ್ದು ಅಂತ ನೀನೇ ಎದ್ದು ನಿಂತು ಎಲ್ಲಾರ ಮುಂದೆ ಹೇಳ್ಬೇಕು. ಆ ಊರಿನವ್ರೂ ಬರ್ತಾರೆ. ಅವ್ರ ಮುಂದೇನೇ."

"ನಂಗೆ ಮಾತಾಡಿ ರೂಢಿ ಇಲ್ಲಕ್ಕ."

"ಸುಳ್ಳು ಬರೆಯಾಕೆ ರೂಢಿ ಇತ್ತಾ?"

ಅವತ್ತೇ ನಯನಾ ಮೇಡಂಗೂ ತಿಳಿಸಿದೆ. ಅವರು, "ಅಂಕಲ್, ನಮ್ಮ ಇಡೀ ನಕ್ಷೆಯಲ್ಲಿ ಯುದ್ಧ ಮಾಡದೇ ಗೆಲ್ಲೋನು ಅವನೊಬ್ಬನೇ ಇದ್ದ" ಎಂದರು. ಆದರೂ ತೆಗೆದರು. ಖಾಲಿ ಜಾಗಕ್ಕೆ ಹೊರಗಿನವರು ಬಂದು ಕೂರದಂತೆ ತಡೆಯಲು ಒಂದೇ ಒಂದು ಸಾಲು ಸಾಕಿತ್ತಂತೆ. ನಾನು ಕೇಳಿದ್ದರೆ ಆ ಸೋಮವಾರವೇ ಬರೆದುಕೊಡುತ್ತಿದ್ದರಂತೆ. ನಾನು ಕೇಳಿರಲಿಲ್ಲ. ಹೊಸಬರು ಕೇಳಿ. ಎಷ್ಟು ದಡ್ಡ ಪ್ರಶ್ನೆಯಾದರೂ ಕೇಳಿ.

ಪುಣ್ಯಸ್ಮರಣೆಯ ದಿನ ಮನೆ ಮುಂದೆ ಶಾಮಿಯಾನ. ಪೂಜೆ ಆಯಿತು, ಭಾವನ ಜೊತೆ ಕೆಲಸ ಮಾಡಿದ ಮೇಷ್ಟ್ರುಗಳು ಮಾತನಾಡಿದರು. ಅಕ್ಕ ನನ್ನ ಕಡೆ ನೋಡಿದಳು. ಎದ್ದೆ. ಮೈಕು ಕೈಗೆ ಕೊಟ್ಟರು. ಭಾವನ ಫೋಟೊದ ಕಡೆ ನೋಡದೆ, ಇಲ್ಲಿ ಬರೆದಿರುವುದನ್ನೇ ಇದರ ಕಾಲು ಭಾಗದಲ್ಲಿ ಹೇಳಿದೆ. ಭಾವ ಖಾಲಿ ಬಿಡು ಎಂದಿದ್ದರು, ನಾನು ತುಂಬಿದೆ, ಅವರು ನನ್ನನ್ನು ನಂಬಿ ಹುಡುಕಿದರು, ತಪ್ಪು ಅವರದ್ದಲ್ಲ.

ಆ ಊರಿನ ಯುವಕ ಸಂಘದ ಅಧ್ಯಕ್ಷ ಎರಡನೇ ಸಾಲಿನಲ್ಲಿದ್ದ. "ಅಲ್ರೀ, ಮುಂದಿನ ವಾರ ಟ್ರೋಫಿ ಐತೆ. ಬ್ಯಾನರ್ ಎಲ್ಲಾ ಹಾಕೀವಿ" ಎಂದ. ಯಾರೋ ನಕ್ಕರು. ಅವನು ನಗಲಿಲ್ಲ, ಎದ್ದು ಊಟಕ್ಕೂ ನಿಲ್ಲದೆ ಹೋದ.

ಅವನ ಪಕ್ಕದಲ್ಲಿದ್ದ ಅದೇ ಊರಿನ ಒಬ್ಬ ಹಿರಿಯರು ಮಾತ್ರ ಕೂತೇ ಇದ್ದರು. ಊಟಕ್ಕೆ ನನ್ನ ಪಕ್ಕದ ಎಲೆಗೆ ಬಂದು ಕೂತರು. ಗೋಧಿ ಹುಗ್ಗಿ ಬಡಿಸಿದ ಮೇಲೆ ನನ್ನ ಕಡೆ ತಿರುಗಿದರು.

"ಹಂಗಾರೆ ಆ ನಲವತ್ತೊಂದು ವರ್ಸ ನಮ್ಮೂರ್ನ ಆಳ್ದೋರು ಯಾರ್ರೀ?"

"ಗೊತ್ತಿಲ್ರೀ" ಎಂದೆ. ಆ ಮಾತನ್ನು ನಾನು ಯಾರಿಗೂ ಅಷ್ಟು ಸಲೀಸಾಗಿ ಹೇಳಿದ್ದು ಅದೇ ಮೊದಲು.

"ದಂಡು ಗಿಂಡು ಬಂದಿತ್ತಾ?"

"ಬಂದಿದ್ರೆ ಯಾರಾದ್ರೂ ಸತ್ತಿರ್ತಿದ್ರು, ಕಲ್ಲು ಇರ್ತಿತ್ತು. ಕಲ್ಲು ಸಿಕ್ಕಿಲ್ಲ."

"ದನ ಹೊಡ್ಕೊಂಡು ಹೋಗಿದ್ದು?"

"ಅದಕ್ಕೂ ಸಿಕ್ಕಿಲ್ಲ."

ಅವರು ಹುಗ್ಗಿಗೆ ಹಾಲು ಸುರಿಸಿಕೊಂಡು, ಕಲೆಸಿ, ಒಂದು ತುತ್ತು ಉಂಡು ಯೋಚಿಸಿದರು.

"ಹಂಗಾರೆ ಕಾಟ ಕೊಡೋರು ಯಾರೂ ಇರ್ಲಿಲ್ಲ. ಊರು ನೆಮ್ಮದಿಯಾಗಿತ್ತು. ಬರ್ಕಳ್ರಿ ಅದನ್ನ."

ನನ್ನ ಎಡಗೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಬರೆದುಕೊಳ್ಳಲಿಲ್ಲ. ಅದಕ್ಕೂ ಆಧಾರವಿಲ್ಲ.